ಮೇಷ್ಟ್ರ ಇಂಗ್ಲಿಷ್ ಮೆಸೇಜು

ಗೆಳೆಯರೇ, ಇವತ್ತು ಮಧ್ಯಾಹ್ನ ನನ್ನ ಜೀವ ಬಾಯಿಗೆ ಬಂದಿತ್ತು. ಮಗಳು ಏಕಪಾತ್ರಾಭಿನಯ ಸ್ಪರ್ಧೆಗೆಂದು ಹಾಸನಕ್ಕೆ ಹೋಗಿದ್ದಳು. ಜೊತೆಗಿದ್ದ ಅವಳ ಮೇಷ್ಟ್ರಿಂದ ಮೆಸೇಜು ಬಂತು: ‘ಯುವರ್ ಡಾಟರ್ ಬ್ರಾಟ್ ದ ಹೌಸ್ ಡೌನ್.’

ಎರಡು ತಿಂಗಳಿಂದ ಇಂಗ್ಲಿಷ್ ಕಲಿಯುತ್ತಿರುವ ನಾನು ಒಂದೊಂದೇ ಪದ ಬಿಡಿಸಿ ಓದಿದೆ. ಮಗಳು, ಮನೆ, ಕೆಳಗೆ. ಕಟ್ಟಡ ಕುಸಿದಿದೆ ಎಂದುಕೊಂಡೆ. ಫೋನ್ ಮಾಡಿದರೆ ಇಬ್ಬರೂ ಎತ್ತಲಿಲ್ಲ. ಹೊಳೆನರಸೀಪುರದಲ್ಲಿ ಬಸ್ಸು ಹತ್ತಿ ದಾರಿಯುದ್ದಕ್ಕೂ ಅಳುತ್ತಲೇ ಹೋದೆ.

ಸಭಾಂಗಣದ ಬಾಗಿಲಲ್ಲಿ ಮಗಳು ಬಹುಮಾನದ ಕಪ್ ಹಿಡಿದು ನಿಂತಿದ್ದಳು. ಅವಳ ಮೈಕೈ ಮುಟ್ಟಿ ನೋಡಿ, ಪಕ್ಕದಲ್ಲಿದ್ದ ಮೇಷ್ಟ್ರಿಗೆ ಮೆಸೇಜು ತೋರಿಸಿ ಕಟ್ಟಡ ಬೀಳಲಿಲ್ಲವೇ ಎಂದು ಕೇಳಿದೆ.

‘ಹಾಲ್ ಬಿದ್ದೋಗೋ ಅಂಗೆ ಜನ ಚಪ್ಪಾಳೆ ಹೊಡುದ್ರು ಅಂತ ಕಣ್ರಮ್ಮಾ ಅದ್ರರ್ಥ. ನಿಮ್ಗೆ ಇಂಗ್ಲಿಷ್ ಓದಕ್ಕೆ ಬರಲ್ವಾ?’ ಅಂದರು ಮೇಷ್ಟ್ರು.

‘ಬತ್ತದೆ ಸಾ,’ ಅಂದೆ. ‘ಅದುಕ್ಕೇ ಇಂಗಾಗಿದ್ದು.’