ಬಿಳಿ ಬಟ್ಟೆ ಸುತ್ತಿದ ಹುಣ್ಣು

ಹುಣ್ಣಾಗಿದ್ದು ಎಡಗಾಲಿಗೆ. ಅಥವಾ ಅದು ಬಲಗಾಲೇ ಇರಬಹುದು. ಕೇಸ್ ಶೀಟ್ ನನ್ನ ಬಳಿ ಇಲ್ಲ. ಎಡಗಾಲು ಎಂದೇ ಬರೆಯುತ್ತೇನೆ. ವರ್ಷ 1984, ಇಲ್ಲವೇ 85. ಅರಬ್ ದೇಶದ ಖಮೀಸ್ ಮುಶೈತ್ ಎಂಬ ಊರಿನ ಒಂದು ಆಸ್ಪತ್ರೆಯಲ್ಲಿ ನಾನು ಸರ್ಜನ್ ಆಗಿದ್ದೆ.

ರೋಗಿ ಸ್ಯಾಮುವೆಲ್, ಉಡುಪಿ ಕಡೆಯ ಪ್ರಾಟೆಸ್ಟೆಂಟ್ ಕ್ರೈಸ್ತರು, ಗ್ಯಾರೇಜಿನ ಫೋರ್‌ಮನ್. ಹಳೆಯ ಸಕ್ಕರೆ ಕಾಯಿಲೆ. ಪಾದದ ಹುಣ್ಣನ್ನು ಮೂರು ವಾರ ಬಚ್ಚಿಟ್ಟಿದ್ದರು. ದಿನವೂ ಹೊಸ ಬ್ಯಾಂಡೇಜು, ಮೇಲೆ ಇಸ್ತ್ರಿ ಹಾಕಿದ ಪ್ಯಾಂಟು. ಬಿಚ್ಚಿದರೆ ಗ್ಯಾಂಗ್ರೀನ್, ರಕ್ತ ತಲುಪದೆ ಮಾಂಸ ಕೊಳೆತಿತ್ತು. ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ಜೀವ ಉಳಿಯುವಂತಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಲಿಲ್ಲ.

ಮಂಗಳೂರಿನ ನರ್ಸ್ ಲಿಲ್ಲಿ ಗದರಿದರು: "ಎಂತ ಮಾರಾಯ್ರೇ, ಗಾಡಿಯ ಆಯಿಲ್ ಲೀಕಾದ್ರೆ ಬಟ್ಟೆ ಸುತ್ತಿ ಓಡಿಸ್ತೀರಾ ನೀವು?"

"ಗಾಡಿಗೆ ಪಾಪ ಇಲ್ಲ, ಸಿಸ್ಟರ್."

ಸ್ಯಾಮುವೆಲ್ ಅವರ ಅಜ್ಜ ಚರ್ಚಿನಲ್ಲಿ ಉಪದೇಶಿ. ಇಂಗ್ಲೆಂಡಿನ ಹಳೆಯ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪಂಥದ ಬೋಧಕರ ಪ್ರವಚನಗಳನ್ನು ಮನೆಯವರಿಗೆ ಕನ್ನಡದಲ್ಲಿ ಹೇಳುತ್ತಿದ್ದರಂತೆ. "ಆ ಬೋಧಕರು ಪಾಪ ಅಂತ ಬರೀ ಹೇಳುದಿಲ್ಲ ಡಾಕ್ಟ್ರೇ, ಮೂಗಿಗೇ ಹಿಡೀತಾರೆ. ಬಾವಿಯಲ್ಲಿ ಸತ್ತ ನಾಯಿ. ಸುಣ್ಣ ಬಳಿದ ಗೋಡೆಯೊಳಗೆ ಗೆದ್ದಲು. ಬಿಳಿ ಬಟ್ಟೆ ಸುತ್ತಿದ ಹುಣ್ಣು. ಮನುಷ್ಯನ ಹೃದಯ ಅದೇ ಅಂತ. ಸಣ್ಣವನಿರುವಾಗ ಆ ಹುಣ್ಣಿನ ಮಾತು ಕೇಳಿದ್ರೆ ನನಗೆ ಊಟ ಸೇರ್ತಿರಲಿಲ್ಲ. ಈಗ ನೋಡಿ, ನನ್ನ ಕಾಲಲ್ಲೇ ಉಂಟು. ಪಾಪಕ್ಕೆ ಬಂದದ್ದು, ಕಾಲು ಕತ್ತರಿಸಿದ್ರೆ ಹೋಗ್ತದಾ?"

ಯಾವ ಪಾಪ ಎಂದು ಕೇಳಿದೆ. ಗೋಡೆಯ ಕಡೆ ತಿರುಗಿದರು.

ಸಕ್ಕರೆ, ರಕ್ತನಾಳ, ಸೋಂಕು ಎಂದೆಲ್ಲ ವಿವರಿಸಿದೆ. ಪ್ರಯೋಜನವಾಗಲಿಲ್ಲ. ಜ್ವರ ಏರುತ್ತಿತ್ತು. ಕೊನೆಗೆ ಕೇಳಿದೆ: "ಆ ಬೋಧಕರು ಹುಣ್ಣು ತೋರಿಸಿ ಸುಮ್ಮನೆ ಮನೆಗೆ ಹೋಗ್ತಿದ್ರಾ?" ಈ ಪ್ರಶ್ನೆ ನನ್ನದೆಂದು ನನ್ನ ನೆನಪು, ತಮ್ಮದೆಂದು ಲಿಲ್ಲಿ ಈಗಲೂ ವಾದಿಸುತ್ತಾರೆ.

ಸ್ಯಾಮುವೆಲ್ ನನ್ನ ಕಡೆ ಹೊರಳಿದರು. "ಇಲ್ಲ. ವೈದ್ಯನ ಕೈಗೆ ಒಪ್ಪಿಸಬೇಕು ಅಂತಿದ್ರು. ಅವನು ಕತ್ತರಿಸಿದ್ರೂ ಸರಿ."

ಆ ವೈದ್ಯ ದೇವರು, ನಾನಲ್ಲ. ಅದು ನನಗೆ ಗೊತ್ತಿತ್ತು. ತಿದ್ದಲಿಲ್ಲ, ಪೆನ್ನು ಕೊಟ್ಟೆ.

ಆಪರೇಷನ್ ಆಯಿತು, ಬದುಕಿದರು. ಊರಿಗೆ ಹೊರಡುವ ದಿನ ಊರುಗೋಲು ಹಿಡಿದು ಬಂದರು. "ಕೆಟ್ಟದ್ದು ಪೂರಾ ಹೋಯ್ತಲ್ಲ, ಡಾಕ್ಟ್ರೇ?"

"ಪೂರಾ," ಎಂದೆ. ಯಾವುದರ ಬಗ್ಗೆ ಕೇಳಿದಿರಿ, ಕಾಲೋ ಪಾಪವೋ, ಎಂದು ಕೇಳಲಿಲ್ಲ.

ಅಂದಿನಿಂದ ಸಹಿ ಹಾಕಿಸುವ ಮೊದಲು ರೋಗಿಯ ಬಾಯಿಂದಲೇ ಹೇಳಿಸುತ್ತಿದ್ದೆ: ನಾನು ಏನು ಮಾಡಲಿದ್ದೇನೆ, ಯಾಕೆ. ವೃತ್ತಿ ಕಲಿಸಿದ್ದು ಇಷ್ಟು. ಸ್ಯಾಮುವೆಲ್ ಅಂದು ಒಪ್ಪಿದ್ದು ಚಿಕಿತ್ಸೆಗೋ ಶಿಕ್ಷೆಗೋ, ನನಗೆ ಗೊತ್ತಿಲ್ಲ.