ಮಡಚಬಾರದ ಏಪ್ರನ್

ಅಕ್ಕನ ಎರಡೂ ಹೆಗಲ ಮೇಲೆ ನಾಲ್ಕು ಬೆರಳಗಲದ ಕಪ್ಪು ಪಟ್ಟಿಗಳಿದ್ದವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊದಲ ಸಲ ಕಂಡಾಗ ಯಾರೋ ಬರೆ ಹಾಕಿದ್ದಾರೆಂದೇ ಹೆದರಿದ್ದೆ. ಇಪ್ಪತ್ತು ವರ್ಷ ಸೀಸದ ಏಪ್ರನ್ ಹೊತ್ತ ಗುರುತು ಅದು.

ಕುಂದಾಪುರದ ಆಸ್ಪತ್ರೆಯೊಂದರ ಕ್ಯಾಥ್‌ಲ್ಯಾಬಿಗೆ ನಾನು ನರ್ಸ್ ಆಗಿ ಸೇರಿದಾಗ ಅಲ್ಲಿನ ಇನ್‌ಚಾರ್ಜ್ ಅವರು. ಡಾಕ್ಟರರಿಂದ ಹಿಡಿದು ಗುಡಿಸುವವರ ತನಕ ಎಲ್ಲರಿಗೂ ಅಕ್ಕ. ಕೈಯ ಅಥವಾ ತೊಡೆಯ ರಕ್ತನಾಳದಿಂದ ಸಪೂರ ನಳಿಗೆಯನ್ನು ಹೃದಯದವರೆಗೆ ತೂರಿಸುವ ಕೆಲಸ ನಮ್ಮದು. ನಳಿಗೆ ಎಲ್ಲಿಗೆ ಹೋಯಿತೆಂದು ಪರದೆಯಲ್ಲಿ ಕಾಣಬೇಕಾದರೆ ಎಕ್ಸ್‌ರೇ ಹಾಯುತ್ತಿರಲೇಬೇಕು; ಅದು ನಮ್ಮ ಮೈಗೆ ತಾಗದಿರಲೆಂದೇ ಸೀಸದ ಏಪ್ರನ್ನೂ ಕಾಲರೂ. ಸಿದ್ದಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಅಕ್ಕ, ಮೇಜಿನ ಮೇಲೆ ನಡುಗುತ್ತ ಮಲಗಿದ ರೋಗಿಯನ್ನು "ಹ್ವಾಯ್, ಗಂಜಿ ಉಂಡ್ಕಂಡ್ ಬರ್ಲಿಲ್ಲ ಅಲ್ದಾ?" ಎಂದು ಮಾತಾಡಿಸಿ, ತಿರುಗಿ ನಮ್ಮ ಕುತ್ತಿಗೆಯ ಕಾಲರು, ಏಪ್ರನ್ನಿನ ಕಟ್ಟು ಎಲ್ಲವನ್ನೂ ಎಳೆದು ನೋಡುತ್ತಿದ್ದರು. ಡಾಕ್ಟರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ಕಣ್ಣಿಗ್ ಕಾಣ್ದಿದ್ದಕ್ಕೇ ಜಾಸ್ತಿ ಹೆದರ್ಕ್" ಎನ್ನುವುದು ಅವರ ಮಾತು.

ನನ್ನದು ಸಾಲಿಗ್ರಾಮದ ಕಡೆ, ದೇವಸ್ಥಾನದ ಚಾಕರಿಯ ಮನೆ. ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಚದಿದ್ದರೆ ನಮ್ಮಲ್ಲಿ ಹೆಣ್ಣುಮಗಳ ಮರ್ಯಾದೆ ಹೋದಂತೆಯೇ. ಅಕ್ಕ ಮೊದಲ ದಿನವೇ "ಏಪ್ರನ್ ಗೂಟಕ್ಕೆ ತೂಗ್ಹಾಕ್" ಎಂದಿದ್ದರು. ಕೊಳೆಯಾದೀತೆಂದು ನಾನು, ಅವರು ಬಸ್ಸಿಗೆ ಹೊರಟ ಮೇಲೆ, ಚಂದಕ್ಕೆ ಮಡಚಿ ಕಪಾಟಿನಲ್ಲಿಟ್ಟು ಹೋಗುತ್ತಿದ್ದೆ. ಅಷ್ಟು ಬುದ್ಧಿವಂತೆ ನಾನು.

ವರ್ಷಕ್ಕೊಮ್ಮೆ ಏಪ್ರನ್‌ಗಳನ್ನೇ ಮೇಜಿನ ಮೇಲೆ ಹಾಸಿ ಎಕ್ಸ್‌ರೇ ಹಿಡಿದು ನೋಡುತ್ತಾರೆ. ನನ್ನದರ ಸರದಿ ಬಂದಾಗ ಪರದೆಯ ಕಪ್ಪಿನಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಕಂಡಿತು. ಮಡಚಿದಲ್ಲೇ ಒಳಗಿನ ಸೀಸ ಬಿರಿದಿತ್ತು, ಸರಿಯಾಗಿ ಹೊಟ್ಟೆಯ ನೇರಕ್ಕೆ.

"ನಿಮ್ಮನಿ ಮಡಿ ಮನ್ಯಗೇ ಇರ್ಲಿ ಮಾರಾಯ್ತಿ, ಇದ್ನ್ ಮಡ್ಚೂಕಾಗ" ಎಂದು ಬೈಯುತ್ತ ತಿರುಗಿದ ಅಕ್ಕ, ನನ್ನ ಕೈ ಹೊಟ್ಟೆಯನ್ನು ಒತ್ತಿಕೊಂಡಿದ್ದನ್ನು ಕಂಡರು. ಕೈ ಹಿಡಿದು ಬಟ್ಟೆ ಬದಲಿಸುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಎಷ್ಟ್ ದಿನ ಆಯ್ತ್?"

ಎರಡು ತಿಂಗಳಾಗಿತ್ತು. ಗಂಡನೊಬ್ಬನಿಗೆ ಗೊತ್ತು. ಮೂರು ತುಂಬುವ ತನಕ ಬಾಯಿ ಬಿಟ್ಟರೆ ದೃಷ್ಟಿಯಾಗುತ್ತದೆ ಎಂಬುದು ನಮ್ಮ ಮನೆಯ ಶಾಸ್ತ್ರ, ಹಾಗಾಗಿ ಅಮ್ಮನಿಗೂ ಹೇಳಿರಲಿಲ್ಲ. ದೃಷ್ಟಿಗೆ ಹೆದರಿದವಳು ದಿನವೂ ಅದೇ ಏಪ್ರನ್ ತೊಟ್ಟು ಒಳಗೆ ನಿಂತಿದ್ದೆ.

"ನಾನೂ ಹೇಳಿರ್ಲಿಲ್ಲ ಹೆಣೆ," ಎಂದರು ಅಕ್ಕ. "ಮೊದಲ್ನೇದ್ ಉಳಿಲಿಲ್ಲ. ಇದ್ರಿಂದ್ಲೇ ಅಂದೇಳಿ ಯಾರೂ ಹೇಳ್ಲಿಲ್ಲ. ಅಲ್ಲ ಅಂದೂ ಹೇಳ್ಲಿಲ್ಲ."

ಆವತ್ತಿನಿಂದ ನನಗೆ ಹೊರಗಿನ ಕೆಲಸ. ನನ್ನ ಪಾಳಿಗೂ ಅಕ್ಕನೇ ಒಳಗೆ. ಮೈಗೆ ತಾಗಿದ ವಿಕಿರಣವನ್ನು ಅಳೆಯಲು ಏಪ್ರನ್ನಿನೊಳಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತೇವೆ. ನನ್ನದನ್ನು ಅಂದೇ ತಪಾಸಣೆಗೆ ಕಳಿಸಿದರು. ಉತ್ತರ ಬರಲು ಮೂರು ವಾರ ಬೇಕಾಯಿತು. ಆ ಮೂರು ವಾರ ಅನ್ನ ಕಲಸಿಕೊಂಡು ಕೂತು ಹಾಗೇ ಎದ್ದುಬಿಡುತ್ತಿದ್ದೆ. ಮಗುವಿನ ಬೆರಳು ಎಣಿಸುವ ಕನಸು ಬೀಳುತ್ತಿತ್ತು, ಒಮ್ಮೆಯೂ ಹತ್ತಾಗುತ್ತಿರಲಿಲ್ಲ. ಅಕ್ಕನಿಗೆ ಅದನ್ನೂ ಹೇಳಿಕೊಂಡಿದ್ದೆ. "ರಿಪೋರ್ಟ್ ಬಂದ್ ಕೂಡ್ಲೇ ನಾನೇ ಹೇಳ್ತೆ. ನೀನ್ ಉಣ್" ಎಂದು ತಮ್ಮ ಡಬ್ಬಿಯನ್ನು ನನ್ನ ಕಡೆ ಸರಿಸುತ್ತಿದ್ದರು.

ರಿಪೋರ್ಟು ಮಿತಿಯೊಳಗೇ ಇತ್ತು. ಮಗಳು ಹುಟ್ಟಿದಳು. ಅಕ್ಕ ಹೆಮ್ಮಾಡಿಯ ಸೇವಂತಿಗೆ ಹಿಡಿದು ನೋಡಲು ಬಂದು, ಬೇರೆ ಮಾತಿಗೆ ಮೊದಲು ತೊಟ್ಟಿಲಿಗೆ ಬಗ್ಗಿ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. "ಸಮ ಇತ್ತ್" ಎಂದು ನನ್ನ ಕಡೆ ನೋಡಿದರು. ಅಷ್ಟೂ ದಿನದ ಅಳು ನನಗೆ ಆಗ ಬಂತು.

ಹೆರಿಗೆ ರಜೆಯೂ ಸೇರಿ ವರ್ಷಕ್ಕಿಂತ ಹೆಚ್ಚು ಕಾಲ ಅವರು ನನ್ನ ಪಾಲಿಗೂ ನಿಂತರು. ನಿಮ್ಮ ಬ್ಯಾಡ್ಜಿನದ್ದು ಎಷ್ಟು ಬಂತಕ್ಕಾ ಎಂದು ಕೇಳಿದಾಗಲೆಲ್ಲ "ನಂಗೆಂತ, ಇನ್ ಹೆರೂಕಿತ್ತಾ?" ಎಂದು ನಗೆಯಾಡಿ ಜಾರಿಕೊಳ್ಳುತ್ತಿದ್ದರು.

ನಿವೃತ್ತರಾದ ಮೂರನೆಯ ವರ್ಷ, ಕಳೆದ ಮಳೆಗಾಲದಲ್ಲಿ, ರಕ್ತದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸಿಗೆ ಬರುವಂಥದ್ದು, ಕೆಲಸಕ್ಕೂ ಅದಕ್ಕೂ ಗಂಟು ಹಾಕಬೇಡಿ ಎಂದರು ಡಾಕ್ಟರು. ಇರಬಹುದು. ಈಗ ಲ್ಯಾಬಿನ ಇನ್‌ಚಾರ್ಜ್ ನಾನು. ಎಲ್ಲರ ಬ್ಯಾಡ್ಜಿನ ಹಳೆಯ ರಿಪೋರ್ಟುಗಳ ಫೈಲು ನನ್ನ ಮೇಜಿನ ಖಾನೆಯಲ್ಲೇ ಇದೆ. ಆ ವರ್ಷದ ಹಾಳೆಯಲ್ಲಿ ಅಕ್ಕನ ಹೆಸರಿನ ಎದುರು ಎಷ್ಟೆಂದು ಬರೆದಿದೆಯೋ, ತೆಗೆದು ನೋಡಲು ನನಗಿನ್ನೂ ಧೈರ್ಯ ಬಂದಿಲ್ಲ.