ಬೇರೆ ಬೆಂಚು ಬೇಡವೆಂದ ರೇಖಾ

ಹದಡಿಯಲ್ಲಿ ಹುಟ್ಟಿ ಹರಿಹರಕ್ಕೆ ಸೊಸೆಯಾಗಿ ಬಂದ ರೇಖಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಗಂಡ ಮಂಜುನಾಥ ಲೇಥ್ ಕೆಲಸದವನು. ಮಗಳು ಸ್ನೇಹಾ ಹುಟ್ಟಿದ ಕೆಲವೇ ತಿಂಗಳಿಗೆ ಬೆರಳ ತುದಿ, ಕಿವಿಯಂಚು, ಮೂಗಿನ ಮೇಲೆ ಕೆಂಪು ಹುಣ್ಣುಗಳೆದ್ದವು. ಚಳಿಗೆ ಅವು ಕಪ್ಪಾಗುತ್ತಿದ್ದವು. ಜ್ವರವೂ ಬಿಟ್ಟು ಬಿಟ್ಟು ಬರುತ್ತಿತ್ತು. ಎಂಟು ವರ್ಷ ಕೊಟ್ಟ ಆಂಟಿಬಯೋಟಿಕ್ ಒಂದೂ ನಾಟಲಿಲ್ಲ.

ಮೂರನೇ ತರಗತಿಯಲ್ಲಿ ಶಾಲೆಯವರು, ಅಂಟುರೋಗವಲ್ಲವೆಂದು ಡಾಕ್ಟರಿಂದ ಬರೆಸಿ ತರುವವರೆಗೆ ಮಗುವನ್ನು ಕಳಿಸಬೇಡಿ ಅಂದರು. ಒಂದು ವರ್ಷ ಮನೆಯಲ್ಲಿರಲಿ ಬಿಡು ಎಂದ ಮಂಜುನಾಥ. ರೇಖಾ ಕೇಳಲಿಲ್ಲ. ಮಗಳನ್ನು ದಾವಣಗೆರೆಗೆ, ಡಾಕ್ಟರ್ ಅಂಜನ್ ಕುಮಾರ್ ಬಳಿಗೆ ಕರೆದೊಯ್ದಳು. ಅವರು ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಎರಡು ತಿಂಗಳಿಗೆ ವರದಿ ಬಂತು.

ಡಾಕ್ಟರು ಹಾಳೆಯ ಮೇಲೆ ಜೀವಕೋಶದ ಚಿತ್ರ ಬರೆದು ಹೇಳಿದರು. ನಮ್ಮ ಡಿಎನ್‌ಎ ಹೆಚ್ಚುಕಡಿಮೆ ಎಲ್ಲ ಇರುವುದು ನಡುವಿನ ಕೋಶಕೇಂದ್ರದೊಳಗೆ. ವೈರಸ್ಸೋ ಬ್ಯಾಕ್ಟೀರಿಯಾವೋ ನುಗ್ಗಿದರೆ ಅದರ ಡಿಎನ್‌ಎ ಕೇಂದ್ರದ ಹೊರಗೆ, ಇರಬಾರದ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಪತ್ತೆಹಚ್ಚುವ ಪ್ರೋಟೀನು 'ಸ್ಟಿಂಗ್' ಎಂಬ ಇನ್ನೊಂದು ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಸ್ಟಿಂಗ್ ದೇಹವನ್ನು ಹೋರಾಟಕ್ಕೆ ಎಬ್ಬಿಸುತ್ತದೆ. ಸ್ನೇಹಾಳ ಸ್ಟಿಂಗ್ ಜೀನಿನಲ್ಲಿ ಒಂದು ಅಕ್ಷರ ತಪ್ಪಿದೆ. ಯಾವ ಸುದ್ದಿಯೂ ಬಾರದಿದ್ದರೂ ಅದು ದೇಹವನ್ನು ಎಬ್ಬಿಸುತ್ತಲೇ ಇದೆ. ಆ ಹೋರಾಟದಲ್ಲಿ ಅವಳದೇ ಸಣ್ಣ ರಕ್ತನಾಳಗಳು ಹಾಳಾಗುತ್ತಿವೆ.

"ಹಂಗಾದ್ರ ಕ್ರಿಮೀನೇ ಇಲ್ಲೇನ್ರಿ ಸರ್?"

"ಇಲ್ಲಮ್ಮ. ಇದು ಯಾರಿಗೂ ಅಂಟೋದಿಲ್ಲ."

ಅದನ್ನೇ ಬರೆಸಿಕೊಂಡಳು. ಪತ್ರವನ್ನು ಶಾಲೆಯ ಆಫೀಸಿನಲ್ಲಿ ಕೊಟ್ಟು ಬರಲಿಲ್ಲ. ಪೋಷಕರ ಸಭೆಯಲ್ಲಿ ಎದ್ದು ನಿಂತು ಪೂರ್ತಿ ಓದಿದಳು. ಆಡಳಿತ ಮಂಡಳಿಯ ಪಂಚಾಕ್ಷರಪ್ಪ, ಎಲ್ಲರ ಸಮಾಧಾನಕ್ಕೆ ಹುಡುಗಿಗೆ ಬಾಗಿಲ ಹತ್ತಿರ ಬೇರೆ ಬೆಂಚು ಹಾಕಿಸೋಣ ಎಂದರು.

"ಬೇರೆ ಬೆಂಚು ಬ್ಯಾಡ್ರಿ. ನನ್ ಮಗಳ ಮೈಯಾಗ ಕ್ರಿಮಿ ಇಲ್ಲ. ಭಯ ನಿಮಗೈತೆ, ನೀವು ಬೇಕಾದ್ರ ದೂರ ಕೂಡ್ರಿ."

ಮರುದಿನ ಮಗಳನ್ನು ಎರಡನೇ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಹೆಡ್‌ಮಾಸ್ತರು ಹೊರಗೆ ಕರೆದರೆ ಏಳಲಿಲ್ಲ. ಎರಡನೇ ದಿನದಿಂದ ಮಂಜುನಾಥ ಕೆಲಸದ ನಡುವೆ ಬಂದು ಇಬ್ಬರಿಗೂ ಬುತ್ತಿ ಕೊಟ್ಟು ಹೋಗತೊಡಗಿದ. ನಾಲ್ಕನೇ ದಿನ ಅದೇ ತರಗತಿಯಲ್ಲಿದ್ದ ಪಂಚಾಕ್ಷರಪ್ಪನವರ ಮೊಮ್ಮಗಳು ರಶ್ಮಿತಾ ಪಾಟಿಚೀಲ ಹಿಡಿದು ಬಂದು, "ಆಂಟಿ, ಸ್ವಲ್ಪ ಏಳ್ರಿ, ಇದು ನನ್ ಜಾಗ" ಅಂದಳು. ರೇಖಾ ಎದ್ದು ಜಾಗ ಬಿಟ್ಟಳು. ಆಮೇಲೆ ಶಾಲೆಯವರೂ ಸುಮ್ಮನಾದರು.

ಈಗ ಸ್ನೇಹಾ ಐದನೇ ತರಗತಿ. ದೇಹದೊಳಗಿನ ಆ ಹೋರಾಟವನ್ನು ತಗ್ಗಿಸುವ ಮಾತ್ರೆ ಶುರುವಾದ ಮೇಲೆ ಜ್ವರ ಕಡಿಮೆಯಾಗಿದೆ, ಹುಣ್ಣುಗಳು ಬಹಳಷ್ಟು ಮಾಯ್ದಿವೆ. ಎಡಗೈ ಕಿರುಬೆರಳ ತುದಿ ಮಾತ್ರ ಉಳಿಯಲಿಲ್ಲ. ರೋಗ ಶ್ವಾಸಕೋಶಕ್ಕೂ ಹಬ್ಬಬಹುದಾದ್ದರಿಂದ ಅದನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಪೂರ್ತಿ ಗುಣವಾಗುವ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ. ಹೊಸ ಔಷಧ ಬಂತೇ ಎಂದು ರೇಖಾ ಪ್ರತಿ ಸಲವೂ ಕೇಳುತ್ತಾಳೆ.